ಕೌಂಟರಿನ ಈಚೆಗೊಬ್ಬ, ಆಚೆಗೊಬ್ಬ

(ಹಳೆಯ ಬ್ರಿಟಿಷ್ ಸ್ಕೆಚ್ ಕಾಮಿಡಿ ಕುರಿತು, ವಿಡಿಯೋ ತುಣುಕುಗಳನ್ನು ತೋರಿಸುತ್ತ ಆಡಿದ ಮಾತಿನ ಬರಹ ರೂಪ)

ಬ್ರಿಟಿಷ್ ಸ್ಕೆಚ್ ಕಾಮಿಡಿ, ಅಂದರೆ ಕೆಲವೇ ನಿಮಿಷದ ಪುಟ್ಟ ಹಾಸ್ಯ ದೃಶ್ಯಗಳು, ಅಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಯಾವ ನಟನ ಮುಖವೂ ಅಲ್ಲ, ಒಂದು ಕೌಂಟರು. ಈಚೆ ನಿಂತವನಿಗೆ ಏನೋ ಬೇಕಾಗಿದೆ. ಆಚೆ ನಿಂತವನು ಅದನ್ನು ಕೊಡುವುದಿಲ್ಲ. ಹಾಗಂತ ಇಲ್ಲ ಎಂದು ಬಾಯಿಬಿಟ್ಟೂ ಹೇಳುವುದಿಲ್ಲ. ಇಬ್ಬರೂ ಮರ್ಯಾದಸ್ಥರು, ಇಬ್ಬರ ಬಾಯಲ್ಲೂ ಬಹುವಚನವೇ. ಗಿಳಿ ಮಾರುವ ಅಂಗಡಿ, ಚೀಸ್ ಅಂಗಡಿ, ಹಾರ್ಡ್‌ವೇರ್ ಅಂಗಡಿ, ದುಡ್ಡಿಗೆ ವಾದ ಮಾಡಿಕೊಡುವ ಕಚೇರಿ, ಸಿನಿಮಾ ಏಜೆಂಟನ ಮೇಜು, ಹೋಟೆಲಿನ ಟೇಬಲ್ಲು. 1960ರಿಂದ ಮುಂದಿನ ಮೂರು ನಾಲ್ಕು ದಶಕಗಳಲ್ಲಿ ಈ ಹಾಸ್ಯದ ಅತ್ಯುತ್ತಮ ಕ್ಷಣಗಳನ್ನು ಒಂದು ಕಡೆ ಗುಡ್ಡೆ ಹಾಕಿದರೆ, ಎಷ್ಟೊಂದು ಇದೇ ಜಾಗದಲ್ಲಿ ನಡೆದಿವೆ ಎಂದು ಆಶ್ಚರ್ಯವಾಗುತ್ತದೆ. ಅದು ಯಾಕೆ ಹಾಗೆ ಎಂಬುದನ್ನು ನಿಮ್ಮ ಜೊತೆ ಹಂಚಿಕೊಳ್ಳಲು ಬಂದಿದ್ದೇನೆ.

ನೀವು ಈಗ ನೋಡಿದ ತುಣುಕು ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದ ಚೀಸ್ ಅಂಗಡಿ, 1972ರ ನವೆಂಬರಿನಲ್ಲಿ ಬಿಬಿಸಿಯಲ್ಲಿ ಬಂದದ್ದು. ಗಿರಾಕಿ ಜಾನ್ ಕ್ಲೀಸ್, ಅಂಗಡಿಯವನು ಮೈಕಲ್ ಪೇಲಿನ್. ಇದನ್ನು ನಾನು ಕಾಲೇಜಿನಲ್ಲಿದ್ದಾಗ ಎರವಲು ತಂದ ಕ್ಯಾಸೆಟ್ಟಿನಲ್ಲಿ ಮೊದಲ ಸಲ ನೋಡಿದೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಒಬ್ಬ ಓದುಬರಹದ ಮನುಷ್ಯ ಚೀಸ್ ಕೊಳ್ಳಲು ಬರುತ್ತಾನೆ. ರೆಡ್ ಲೆಸ್ಟರ್ ಇದೆಯೇ? ಈಗಷ್ಟೇ ಖಾಲಿಯಾಯಿತು ಸರ್. ಟಿಲ್ಸಿಟ್? ವಾರದ ಕೊನೆಯಲ್ಲಿ ಬರುವುದಿಲ್ಲ ಸರ್, ಸೋಮವಾರ ಬೆಳಿಗ್ಗೆ ತಾಜಾ ಬರುತ್ತದೆ. ಇನ್ನೊಂದಕ್ಕೆ, ವ್ಯಾನು ಕೆಟ್ಟು ನಿಂತಿದೆ. ಮತ್ತೊಂದನ್ನು ಬೆಕ್ಕು ತಿಂದುಬಿಟ್ಟಿದೆ. ಹೀಗೆ ನಲವತ್ತಕ್ಕೂ ಹೆಚ್ಚು ಚೀಸುಗಳ ಹೆಸರು ಬರುತ್ತವೆ. ಅಂಗಡಿಯಲ್ಲಿ ಒಂದು ಚೂರೂ ಇಲ್ಲ.

ಒಂದೇ ಮಾತನ್ನು ನಲವತ್ತು ಸಲ ಹೇಳಿದರೆ ಬೇಸರ ಬರಬೇಕು. ಇಲ್ಲಿ ಬರುವುದಿಲ್ಲ. ಅದರ ಕಟ್ಟಡವನ್ನು ಸ್ವಲ್ಪ ಬಿಚ್ಚಿ ನೋಡೋಣ. ಪೇಲಿನ್ ಕೊಡುವ ಉತ್ತರಗಳ ಅಳತೆ ಬದಲಾಗುತ್ತಾ ಹೋಗುತ್ತದೆ. ಮೊದಮೊದಲು ಒಂದೊಂದಕ್ಕೂ ಒಂದು ಕಾರಣ, ಒಂದು ವಿಷಾದ, ಒಂದು 'ಸರ್'. ಆಮೇಲೆ ಕಾರಣ ಉದುರಿಹೋಗಿ ಬರೀ ಇಲ್ಲ, ಇಲ್ಲ, ಇಲ್ಲ. ಪ್ರಶ್ನೆಗಳೂ ಓಡತೊಡಗುತ್ತವೆ. ಆ ಓಟಕ್ಕೆ ನಮ್ಮ ಕಿವಿ ಒಗ್ಗಿತು ಅನ್ನುವಷ್ಟರಲ್ಲಿ ಅಂಗಡಿಯವನು ತಟಕ್ಕನೆ ಒಂದು ಚೀಸ್ 'ಇದೆ' ಅನ್ನುತ್ತಾನೆ. ಕ್ಲೀಸ್ ಮುಖದಲ್ಲಿ ಆಸೆ ಚಿಗುರುತ್ತದೆ. ಸ್ವಲ್ಪ ನೀರುನೀರಾಗಿದೆ ಸರ್, ಎನ್ನುತ್ತಾನೆ ಪೇಲಿನ್. ಪರವಾಗಿಲ್ಲ, ಹಾಗಿದ್ದರೇ ನನಗಿಷ್ಟ. ಬಹಳವೇ ನೀರಾಗಿದೆ ಸರ್. ತನ್ನಿ ನೋಡೋಣ. ಆಗಲೇ ಆ ಬೆಕ್ಕು ಬರುವುದು. ಇಷ್ಟು ಹೊತ್ತೂ ಮೂಲೆಯಲ್ಲಿ ಬೌಲರ್ ಹ್ಯಾಟು ತೊಟ್ಟ ಇಬ್ಬರು ಬುಝೂಕಿ ಎಂಬ ಗ್ರೀಕ್ ತಂತಿವಾದ್ಯದ ಸಂಗೀತಕ್ಕೆ ಕುಣಿಯುತ್ತಲೇ ಇರುತ್ತಾರೆ. ಗಿರಾಕಿ ಬಂದಾಗ ಆ ಸಂಗೀತವನ್ನು ಹೊಗಳಿದ್ದ, ನೆನಪಿದೆಯೇ? ಅವನು ಮೊದಲು ಸಿಡಿಯುವುದು ಅಂಗಡಿಯವನ ಮೇಲಲ್ಲ, ಆ ಬುಝೂಕಿಯ ಮೇಲೆ. ಅಷ್ಟೂ ಹೊತ್ತು ನುಂಗಿಕೊಂಡ ಸಿಟ್ಟು ದಾರಿ ತಪ್ಪಿ ಹೊರಬಂದದ್ದು. ಎಷ್ಟು ನಿಜವಾದ ಮನುಷ್ಯ ಸ್ವಭಾವ ಅದು!

ನಡುವೆ ಇನ್ನೊಂದು ರತ್ನವಿದೆ. ಈ ಜಿಲ್ಲೆಯಲ್ಲೇ ಶ್ರೇಷ್ಠ ಚೀಸ್ ಅಂಗಡಿ ಇದು ಎನ್ನುತ್ತಾನೆ ಪೇಲಿನ್. ಹೇಗೆ, ಸ್ವಲ್ಪ ತರ್ಕ ವಿವರಿಸಿ ಎಂದರೆ, ಅಷ್ಟು ಸ್ವಚ್ಛವಾಗಿದೆ ನೋಡಿ ಸರ್ ಅಂತ ಉತ್ತರ. ನಿಜ, ಚೀಸ್ ಸೋಕಿ ಮಲಿನವಾಗಿಲ್ಲ, ಎಂದು ಗಿರಾಕಿ ಒಪ್ಪುತ್ತಾನೆ. ಇಬ್ಬರೂ ಗಂಭೀರ.

ಈ ಸ್ಕೆಚ್ ಹುಟ್ಟಿದ ಕಥೆ ಕ್ಲೀಸ್ ಹೇಳಿದ್ದಾರೆ. ಫೋಕ್‌ಸ್ಟನ್ ಬಂದರಿನಲ್ಲಿ ಚಿತ್ರೀಕರಣ ಮಾಡುವಾಗ ಅವರಿಗೆ ಹೊಟ್ಟೆ ತೊಳೆಸಿತು. ಏನಾದರೂ ತಿನ್ನು ಎಂದರು ಜೊತೆಗಿದ್ದ, ಅದೇ ತಂಡದ ಗ್ರಹಾಂ ಚಾಪ್‌ಮನ್. ಅವರು ಓದಿದ್ದು ವೈದ್ಯಕೀಯ. ಚೀಸ್ ತಿನ್ನಬೇಕು ಅನ್ನಿಸಿತು. ದಾರಿಯಲ್ಲಿ ಕಂಡದ್ದು ಔಷಧಿ ಅಂಗಡಿ. ಅಲ್ಲಿ ಚೀಸ್ ಕೇಳಿದರೆ ಹೇಗಿರುತ್ತದೆ ಎಂದು ಮಾತು ಬೆಳೆಯಿತು. ಔಷಧಿ ಅಂಗಡಿಯಲ್ಲಿ ಚೀಸ್ ಕೇಳುವವನು ಬರೀ ವಿಚಿತ್ರ ಮನುಷ್ಯ. ಚೀಸ್ ಅಂಗಡಿಯಲ್ಲೇ ಚೀಸ್ ಇಲ್ಲದಿದ್ದರೆ ಅದು ನಾವೆಲ್ಲ ಕಂಡ ಜಗತ್ತು. ಬರೆಯುವಾಗ ಇದು ನಗು ತರಿಸುತ್ತದೋ ಇಲ್ಲವೋ ಎಂದು ಕ್ಲೀಸ್‌ಗೇ ಅನುಮಾನವಿತ್ತಂತೆ. ತಂಡದ ಮುಂದೆ ಓದಿದಾಗ ಪೇಲಿನ್ ನಕ್ಕರು, ಸ್ಕೆಚ್ ಉಳಿಯಿತು.

ಇಲ್ಲಿ ನನ್ನದೇ ಒಂದು ಓದು ಇದೆ. ಇದನ್ನು ಎಲ್ಲೂ ಓದಿದ್ದಲ್ಲ, ನೋಡ್ತಾ ನೋಡ್ತಾ ಹೊಳೆದದ್ದು. ಕ್ಲೀಸ್ ಹುಟ್ಟಿದ್ದು 1939ರಲ್ಲಿ, ಪೇಲಿನ್ 1943ರಲ್ಲಿ. ಬ್ರಿಟನ್ನಿನಲ್ಲಿ ಪಡಿತರ ಶುರುವಾದದ್ದು 1940ರಲ್ಲಿ, ಪೂರ್ತಿ ಮುಗಿದದ್ದು 1954ರಲ್ಲಿ. ಯುದ್ಧಕಾಲದಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ವಾರಕ್ಕೆ 2 ಔನ್ಸ್ ಚೀಸ್, ಅಂದರೆ 57 ಗ್ರಾಮಿನಷ್ಟು. ಊರೂರಿಗೂ ಒಂದೊಂದು ಬಗೆಯ ಚೀಸ್ ಇದ್ದ ದೇಶದಲ್ಲಿ ಹಾಲನ್ನೆಲ್ಲ ಒಟ್ಟುಗೂಡಿಸಿ ಹೆಚ್ಚಾಗಿ ಒಂದೇ ಬಗೆ ಮಾಡಿದರು. ಜನ ಅದನ್ನು ಸರ್ಕಾರಿ ಚೆಡ್ಡಾರ್ ಎಂದು ಕರೆದರು. ಈ ತಂಡದವರ ಬಾಲ್ಯ ಕಳೆದದ್ದು ಪಡಿತರ ಪುಸ್ತಕ ಹಿಡಿದು ಕ್ಯೂ ನಿಂತ ಅಮ್ಮಂದಿರ ಪಕ್ಕದಲ್ಲಿ. ಅಂಗಡಿಯವನ ಕೈಯಲ್ಲಿ ಅಧಿಕಾರ, ಗಿರಾಕಿಯ ಬಾಯಲ್ಲಿ ದಯವಿಟ್ಟು. ದೊಡ್ಡವರಾದ ಮೇಲೆ ಅವರು ಬರೆದ ಸ್ಕೆಚ್ಚಿನಲ್ಲಿ ಗಿರಾಕಿ ಕೇಳುವುದು ಆ ಕಳೆದುಹೋದ ಹೆಸರುಗಳನ್ನೇ, ಒಂದೊಂದಾಗಿ, ಸ್ತೋತ್ರ ಹೇಳುವ ಹಾಗೆ. ಸಾದಾ ಚೆಡ್ಡಾರ್ ಕೇಳಿದಾಗಲೂ, ಈ ಕಡೆ ಅದಕ್ಕೆ ಅಷ್ಟು ಬೇಡಿಕೆ ಇಲ್ಲ ಸರ್ ಎಂಬ ಉತ್ತರ ಬರುತ್ತದಲ್ಲ, ಅಲ್ಲಿ ನಾನು ಪ್ರತಿ ಸಲ ನಗುತ್ತೇನೆ, ಪ್ರತಿ ಸಲ ಒಳಗೆ ಏನೋ ಚುಚ್ಚುತ್ತದೆ. ಸೀಮೆಎಣ್ಣೆ ಡಬ್ಬ ಹಿಡಿದು ನಿಂತು 'ಸ್ಟಾಕ್ ಬಂದಿಲ್ಲ, ನಾಳೆ ಬನ್ನಿ' ಕೇಳಿಸಿಕೊಂಡ ನಮ್ಮ ಪೀಳಿಗೆಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹಿಂದಿನ ಸಾಲಿನಲ್ಲಿ ಸಾಫ್ಟ್‌ವೇರಿನ ಹುಡುಗ ಹುಡುಗಿಯರು ಕೂತಿದ್ದೀರಿ, ನಿಮಗೊಂದು ಮಾತು. ನೀವು ದಿನಾ ಬರೆಯುವ ಪೈಥಾನ್ ಭಾಷೆಗೆ ಗೀಡೋ ವಾನ್ ರೋಸಮ್ ಹೆಸರಿಟ್ಟದ್ದು ಹಾವನ್ನು ನೋಡಿ ಅಲ್ಲ, ಈ ತಂಡದ ಮೇಲಿನ ಪ್ರೀತಿಯಿಂದ. ನೀವು ಪ್ಯಾಕೇಜು ಇಳಿಸಿಕೊಳ್ಳುವ ಭಂಡಾರಕ್ಕೆ ಒಂದು ಕಾಲದಲ್ಲಿ ಚೀಸ್ ಶಾಪ್ ಎಂದೇ ಅಡ್ಡಹೆಸರು. ಇವತ್ತು ಬೆಂಗಳೂರಿನ ಆಫೀಸುಗಳಲ್ಲಿ 'ವೀಲ್' ಫೈಲು ಅನ್ನುತ್ತೀರಲ್ಲ, ಅದು ಚೀಸಿನ ಗಾಲಿ.

ಇನ್ನು ಗಿಳಿ. 1969ರ ಡಿಸೆಂಬರ್ 7ರಂದು ಬಂದದ್ದು. ಸತ್ತ ಗಿಳಿಯನ್ನು ವಾಪಸು ತಂದ ಗಿರಾಕಿ, ಅದು ಸತ್ತೇ ಇಲ್ಲ, ವಿಶ್ರಾಂತಿ ತೆಗೆದುಕೊಳ್ಳುತ್ತಿದೆ ಎನ್ನುವ ಅಂಗಡಿಯವನು. ಮತ್ತೆ ಕ್ಲೀಸ್, ಪೇಲಿನ್ ಇಬ್ಬರೇ. ಇದು ಎಲ್ಲರಿಗೂ ಗೊತ್ತಿರುವುದರಿಂದ ಕಥೆ ಹೇಳುವುದಿಲ್ಲ, ಅದರ ಹಿಂದಿನ ರೂಪವನ್ನಷ್ಟೇ ಹೇಳುತ್ತೇನೆ. ಪೇಲಿನ್ ಪರಿಚಯದ ಒಬ್ಬ ಗ್ಯಾರೇಜಿನವನಿದ್ದ. ಕಾರಿನಲ್ಲಿ ಏನೇ ಕೆಟ್ಟಿದೆ ಎಂದರೂ ಅದು ಹಾಗೇ ಇರುವುದು ಎಂದು ಸಾಧಿಸುವ ಮನುಷ್ಯ. ಅವನನ್ನಿಟ್ಟುಕೊಂಡು 1968ರಲ್ಲಿ ಕ್ಲೀಸ್ ಮತ್ತು ಚಾಪ್‌ಮನ್ ಕಾರಿನ ಸ್ಕೆಚ್ ಬರೆದರು. ಚೆನ್ನಾಗಿಯೇ ಇತ್ತು. ಮರುವರ್ಷ ಕಾರಿನ ಜಾಗಕ್ಕೆ ಗಿಳಿ ಬಂತು. ಕಾರು ಕೆಟ್ಟಿದೆಯೋ ಇಲ್ಲವೋ ಎಂದು ವಾದಿಸಬಹುದು. ಸಾವಿನ ಬಗ್ಗೆ ವಾದವಿಲ್ಲ. ಆ ಒಂದು ಬದಲಾವಣೆಯಿಂದ ಗ್ಯಾರೇಜಿನ ತಕರಾರು ಮನುಷ್ಯನ ಹಠದ ಕಥೆಯಾಗಿಬಿಟ್ಟಿತು. ಬರೆಯುವ ಹಂಬಲ ಇರುವವರು ಈ ಎರಡೂ ರೂಪಗಳನ್ನು ಒಂದರ ಹಿಂದೊಂದು ನೋಡಬೇಕು. ನನಗೆ ಬರವಣಿಗೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ಈ ಕೌಂಟರುಗಳಲ್ಲಿ ನಾವೆಲ್ಲ ನೋಡುವುದು ಕ್ಲೀಸರನ್ನು. ಆರಡಿ ಐದಂಗುಲದ ದೇಹ, ಏರುವ ದನಿ. ಆದರೆ ಸ್ಕೆಚ್ಚಿನ ಭಾರ ಹೊರುವುದು ಪೇಲಿನ್. ಅವರ ಕಣ್ಣು ನೋಡಿ. ಅಲ್ಲಿ ದುರುದ್ದೇಶ ಇಲ್ಲ. ಗಿರಾಕಿಗೆ ನೋವಾಗಬಾರದು ಎಂಬ ಕಳಕಳಿಯೇ ಇದೆ. ಸುಳ್ಳು ಹೇಳುವವನು ಕಳ್ಳನಗೆ ನಕ್ಕಿದ್ದರೆ ಆ ಕ್ಷಣವೇ ಸ್ಕೆಚ್ ಮುಗಿದುಹೋಗುತ್ತಿತ್ತು. ನಗಿಸುವವನು ತಾನು ನಗಿಸುತ್ತಿದ್ದೇನೆಂದು ತಿಳಿದಿರುವ ಹಾಗೆ ಕಾಣಿಸಬಾರದು ಎಂಬ ಶಿಸ್ತು ಇವರೆಲ್ಲರಲ್ಲೂ ಇದೆ. ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟದ್ದು ಅದೇ.

ಟೂ ರೋನಿಸ್ ಜೋಡಿಯ ಹಾರ್ಡ್‌ವೇರ್ ಅಂಗಡಿಗೆ ಬರೋಣ. 1976ರ ಸೆಪ್ಟೆಂಬರ್. ಕಂದು ಕೋಟಿನ ಅಂಗಡಿಯವನು ಗಿಡ್ಡ ರೋನಿ ಕಾರ್ಬೆಟ್, ಟೋಪಿ ತೊಟ್ಟ ಕೆಲಸಗಾರ ರೋನಿ ಬಾರ್ಕರ್. ಗಿರಾಕಿ ಕೇಳುವುದು ಫೋರ್ಕಿನ ಹಿಡಿ, ತೋಟದ ಕೆಲಸದ್ದು. ಅವನ ಉಚ್ಚಾರದಲ್ಲಿ 'ಫೋರ್ಕ್ ಹ್ಯಾಂಡಲ್ಸ್' ಎಂಬುದು 'ಫೋರ್ ಕ್ಯಾಂಡಲ್ಸ್' ಎಂದು ಕೇಳಿಸುತ್ತದೆ. ಅಂಗಡಿಯವನು ನಾಲ್ಕು ಮೇಣದ ಬತ್ತಿ ತಂದು ಕೌಂಟರಿನ ಮೇಲಿಡುತ್ತಾನೆ. ಇದು ಒಂದು ಸಲವಾದರೆ ಬರೀ ಜೋಕು. ಇಲ್ಲಿ ಅದು ಪ್ರತಿ ಸಾಮಾನಿಗೂ ಆಗುತ್ತದೆ. ಕಾರ್ಬೆಟ್ ಏಣಿ ಹತ್ತಬೇಕು, ಡಬ್ಬ ಇಳಿಸಬೇಕು, ಅದಲ್ಲ ಎಂದಾಗ ಮತ್ತೆ ಅಲ್ಲೇ ಇಡಬೇಕು. ಅವರ ಮುಖದಲ್ಲಿ ತಾಳ್ಮೆ ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡುತ್ತೇವೆ. ಮಾತು ಕಡಿಮೆ, ನಡಿಗೆ ಜಾಸ್ತಿ. ಇಂಗ್ಲಿಷಿನ ಶ್ಲೇಷೆ ಅರ್ಧ ತಪ್ಪಿಹೋದರೂ ಆ ನಡಿಗೆ ಸಾಕು. ನಮ್ಮ ತಾಯಿಯವರು ಇಂಗ್ಲಿಷ್ ಬಾರದೆಯೂ ಇದನ್ನು ನೋಡಿ ನಕ್ಕದ್ದಕ್ಕೆ ನಾನೇ ಸಾಕ್ಷಿ.

ಇದನ್ನು ಬರೆದವನ ಹೆಸರು ಜೆರಾಲ್ಡ್ ವೈಲಿ ಎಂದು ಕಾಣಿಸುತ್ತದೆ. ಅಂಥ ಮನುಷ್ಯ ಇರಲಿಲ್ಲ. ಅದು ಬಾರ್ಕರ್ ತಮಗೆ ತಾವೇ ಇಟ್ಟುಕೊಂಡ ಹೆಸರು. ತಾನು ಸ್ಟಾರ್ ಎಂಬ ಕಾರಣಕ್ಕೆ ತನ್ನ ಬರಹ ಒಪ್ಪಿಗೆಯಾಗಬಾರದು, ಬರಹ ತನ್ನ ಕಾಲ ಮೇಲೆ ನಿಲ್ಲಬೇಕು ಎಂದು ಅವರು 1960ರ ದಶಕದ ಕೊನೆಯಲ್ಲಿ ಈ ಹೆಸರಿನಲ್ಲಿ ಸ್ಕೆಚ್ ಕಳಿಸತೊಡಗಿದರು. ವೈಲಿ ಯಾರು ಎಂದು ಜೊತೆಗಾರರೆಲ್ಲ ಊಹೆ ಮಾಡಿದರು, ದೊಡ್ಡ ದೊಡ್ಡ ನಾಟಕಕಾರರ ಹೆಸರುಗಳೂ ಬಂದವು. ಕೊನೆಗೊಂದು ರಾತ್ರಿ ಚೈನೀಸ್ ಹೋಟೆಲಿನಲ್ಲಿ ಎಲ್ಲರನ್ನೂ ಊಟಕ್ಕೆ ಕರೆದು ಬಾರ್ಕರ್ ಎದ್ದು ನಿಂತು ತಾನೇ ವೈಲಿ ಎಂದರು. ಆ ನಾಲ್ಕು ಬತ್ತಿಗಳ ಹಸ್ತಪ್ರತಿ 2007ರಲ್ಲಿ ಹರಾಜಿನಲ್ಲಿ 48,500 ಪೌಂಡಿಗೆ ಹೋಯಿತು. ಬಾರ್ಕರ್ 2005ರಲ್ಲಿ ತೀರಿಕೊಂಡ ಮೇಲೆ ವೆಸ್ಟ್‌ಮಿನ್‌ಸ್ಟರ್ ಅಬ್ಬಿಯಲ್ಲಿ ನಡೆದ ಸ್ಮರಣೆಯಲ್ಲಿ ಎರಡರ ಬದಲು ನಾಲ್ಕು ಮೇಣದ ಬತ್ತಿ ಹಿಡಿದು ಬಂದರು. 2016ರಲ್ಲಿ ಕಾರ್ಬೆಟ್ ಹೋದಾಗಲೂ ನಾಲ್ಕು.

ಈ ಇಬ್ಬರು ರೋನಿಗಳನ್ನೂ ಕ್ಲೀಸರನ್ನೂ ಸಾಲಾಗಿ ನಿಲ್ಲಿಸಿದ ಸ್ಕೆಚ್ 1966ರ ಫ್ರಾಸ್ಟ್ ರಿಪೋರ್ಟಿನದು. ಮೇಲ್ವರ್ಗ, ಮಧ್ಯಮವರ್ಗ, ಕೆಳವರ್ಗ. ಎತ್ತರದ ಪ್ರಕಾರವೇ ನಿಂತಿದ್ದಾರೆ. ಇವರನ್ನು ತಲೆಯೆತ್ತಿ ನೋಡುತ್ತೇನೆ, ಅವರನ್ನು ತಲೆತಗ್ಗಿಸಿ ನೋಡುತ್ತೇನೆ ಎಂಬ ಮಾತು, ಕೊನೆಗೆ ಗಿಡ್ಡ ಕಾರ್ಬೆಟ್: ನನ್ನ ಸ್ಥಾನ ನನಗೆ ಗೊತ್ತು. ಎರಡು ನಿಮಿಷವೂ ಇಲ್ಲ. ಆ ದೇಶದ ವರ್ಗಭೇದದ ಬಗ್ಗೆ ಬೇಕಾದದ್ದೆಲ್ಲ ಅದರಲ್ಲಿದೆ. ಮುಂದೆ ಪೈಥಾನ್ ತಂಡವಾದ ಐವರು ಬ್ರಿಟಿಷರೂ ಇದೇ ಕಾರ್ಯಕ್ರಮಕ್ಕೆ ಬರೆಯುತ್ತಿದ್ದರು. ಆ ಕಾಲದ ಕೌಂಟರಿನ ಮರ್ಯಾದೆಯ ಹಿಂದೆ ಇರುವುದು ಈ ಮೂವರ ಸಾಲು. ಯಾರು ಯಾರಿಗೆ ಸರ್ ಅನ್ನಬೇಕು ಎಂದು ಮೊದಲೇ ನಿಶ್ಚಯವಾಗಿದೆ, ಅನ್ನುವವನ ಮನಸ್ಸಿನಲ್ಲಿ ಇನ್ನೇನೋ ಇದೆ.

ಮುಕ್ತಾಯ ಮಾಡುವುದು ಸ್ಕೆಚ್ಚಿಗೆ ಯಾವಾಗಲೂ ಕಷ್ಟದ ಕೆಲಸ. ಮೂರು ನಿಮಿಷ ಚೆನ್ನಾಗಿ ನಡೆದು, ಕೊನೆಯ ಪಂಚ್‌ಲೈನಿನಲ್ಲಿ ಕುಸಿದದ್ದು ಎಷ್ಟೋ. ಈ ಕಟ್ಟಳೆಯನ್ನೇ ಮುರಿದವರು ಸ್ಪೈಕ್ ಮಿಲಿಗನ್. ಅವರು ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಅಹ್ಮದ್‌ನಗರದಲ್ಲಿ, 1918ರಲ್ಲಿ. ತಂದೆ ಇಲ್ಲಿನ ಬ್ರಿಟಿಷ್ ಸೈನ್ಯದಲ್ಲಿದ್ದರು, ಬಾಲ್ಯ ಪುಣೆಯಲ್ಲೂ ರಂಗೂನಿನಲ್ಲೂ ಕಳೆಯಿತು. 1951ರಿಂದ 1960ರವರೆಗೆ ರೇಡಿಯೋದಲ್ಲಿ ಗೂನ್ ಶೋ ಬರೆದು ಒಂದು ಪೀಳಿಗೆಯ ಕಿವಿಯನ್ನೇ ತಿದ್ದಿದರು. 1969ರ ಮಾರ್ಚಿನಲ್ಲಿ ಕ್ಯೂ5 ಎಂಬ ಟಿವಿ ಕಾರ್ಯಕ್ರಮ ತಂದರು. ಅದರಲ್ಲಿ ಸ್ಕೆಚ್ ಮುಗಿಯುವುದಿಲ್ಲ, ಬಿಟ್ಟುಹೋಗುತ್ತದೆ. ನಟರು ಬಟ್ಟೆಯ ಮೇಲಿನ ಬಿಬಿಸಿ ಚೀಟಿಯನ್ನೂ ಕಿತ್ತುಹಾಕದೆ ನಿಂತಿರುತ್ತಾರೆ. ಅದನ್ನು ನೋಡಿದ ಪೈಥಾನ್ ತಂಡ, ನಾವು ಮಾಡಬೇಕೆಂದಿದ್ದನ್ನು ಈತ ಆಗಲೇ ಮಾಡಿಬಿಟ್ಟನಲ್ಲ ಎಂದು ತಬ್ಬಿಬ್ಬಾಯಿತು. ಕ್ಯೂ5ರ ನಿರ್ದೇಶಕ ಇಯಾನ್ ಮ್ಯಾಕ್‌ನಾಟನ್ ಅವರನ್ನೇ ತಮ್ಮ ಕಾರ್ಯಕ್ರಮಕ್ಕೂ ಕರೆತಂದರು. ಅದೇ ವರ್ಷ ಅಕ್ಟೋಬರ್ 5ರಂದು ಪೈಥಾನ್ ಶುರುವಾಯಿತು. ಒಂದು ಸ್ಕೆಚ್ಚಿನಿಂದ ಇನ್ನೊಂದಕ್ಕೆ ದಾಟಿಸಲು ಟೆರಿ ಗಿಲಿಯಂ ಅವರ ಕತ್ತರಿಸಿ ಅಂಟಿಸಿದ ಚಿತ್ರಗಳು, ಮೇಲಿಂದ ಬಂದು ಎಲ್ಲವನ್ನೂ ತುಳಿಯುವ ಆ ದೊಡ್ಡ ಪಾದ. ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಬ್ರೋಂಝೀನೋ ವರ್ಣಚಿತ್ರದಲ್ಲಿನ ಕ್ಯುಪಿಡನ ಪಾದ. ಲಂಡನ್ನಿಗೆ ಹೋದವರು ಕೆಳಗಿನ ಎಡ ಮೂಲೆಯಲ್ಲಿ ಹುಡುಕಿ.

ಮೋರ್ಕಂಬ್ ಮತ್ತು ವೈಸ್ ಎಂಬ ಹಾಸ್ಯ ಜೋಡಿಯ ಬಗ್ಗೆ ಹೇಳದೆ ಹೋದರೆ ನನಗೇ ನೆಮ್ಮದಿ ಇರುವುದಿಲ್ಲ. 1971ರ ಕ್ರಿಸ್‌ಮಸ್ ದಿನ. ಅತಿಥಿ ಆಂಡ್ರೆ ಪ್ರೆವಿನ್, ಲಂಡನ್ ಸಿಂಫನಿ ವಾದ್ಯವೃಂದದ ಮುಖ್ಯ ಕಂಡಕ್ಟರ್, ಅಂದರೆ ಬೇಟನ್ ಎಂಬ ಕೋಲು ಹಿಡಿದು ವಾದ್ಯಗಾರರನ್ನು ನಡೆಸುವವರು. ತಾಯಿಗೆ ಹುಷಾರಿಲ್ಲದೆ ಅಮೆರಿಕಕ್ಕೆ ಹೋಗಿದ್ದ ಅವರು ರಿಹರ್ಸಲ್‌ಗೆ ಸರಿಯಾಗಿ ಸಿಗಲಿಲ್ಲ. ವಿಮಾನ ನಿಲ್ದಾಣದಿಂದ ಬರುವ ಟ್ಯಾಕ್ಸಿಯಲ್ಲಿ ಟಾರ್ಚ್ ಬೆಳಕಿನಲ್ಲಿ ಮಾತು ಕಲಿತರು. ಎರಿಕ್ ಮೋರ್ಕಂಬ್‌ಗೆ ದಿಗಿಲು. ನನ್ನ ಬೇಟನ್ ತರುತ್ತೇನೆ, ಅದು ಶಿಕಾಗೋದಲ್ಲಿದೆ ಎಂಬ ಸಾಲನ್ನು ಪ್ರೆವಿನ್ ತಣ್ಣಗೆ ಸರಿಯಾದ ವಿರಾಮ ಕೊಟ್ಟು ಹೇಳಿದ ಕೂಡಲೇ ಎರಿಕ್ ಮುಷ್ಟಿ ಬೀಸಿ 'ಇವನು ನಮ್ಮವ, ನನಗಿಷ್ಟವಾದ!' ಎನ್ನುತ್ತಾರಲ್ಲ, ಅಲ್ಲಿ ಒಬ್ಬ ಕಲಾವಿದನ ನಿಜವಾದ ನಿಟ್ಟುಸಿರು ನಮಗೆ ಕೇಳಿಸುತ್ತದೆ. ಆಮೇಲೆ ಎರಿಕ್ ಪಿಯಾನೋ ಮುಂದೆ ಕೂತು ಗ್ರೀಗ್ ಪಿಯಾನೋ ಕಾನ್ಸರ್ಟೋ ನುಡಿಸುತ್ತಾರೆ. ನೀವು ನುಡಿಸುತ್ತಿರುವುದೆಲ್ಲ ತಪ್ಪು ಸ್ವರ ಎನ್ನುತ್ತಾರೆ ಪ್ರೆವಿನ್. ಎರಿಕ್ ಎದ್ದು ಅವರ ಕೋಟಿನ ಕಾಲರ್ ಹಿಡಿದು, ಸ್ವರಗಳೆಲ್ಲ ಸರಿಯೇ, ಆದರೆ ಕ್ರಮವಷ್ಟೇ ಹಾಗಿರಬೇಕೆಂದಿಲ್ಲ, ಎನ್ನುತ್ತಾರೆ. ಬರೆದವರು ಎಡ್ಡಿ ಬ್ರೇಬನ್. ಪ್ರೆವಿನ್ ಎಳ್ಳಷ್ಟೂ ನಗುವುದಿಲ್ಲ. ಜಗತ್ತಿನ ಒಬ್ಬ ದೊಡ್ಡ ಸಂಗೀತಗಾರ ನಗಿಸುವ ಕಲೆಗೆ ತನ್ನ ಸಂಗೀತಕ್ಕೆ ಕೊಡುವಷ್ಟೇ ಗೌರವ ಕೊಟ್ಟ ಘಳಿಗೆ ಅದು.

ಒಂದು ಕೊರತೆಯನ್ನೂ ಹೇಳಬೇಕು. ಈವರೆಗೆ ನಾನು ಹೇಳಿದ್ದೆಲ್ಲ ಗಂಡಸರ ಹೆಸರು. ಆ ಕಾಲದ ಸ್ಕೆಚ್ಚುಗಳಲ್ಲಿ ಹೆಣ್ಣು ಪಾತ್ರ ಎಂದರೆ ಒಂದೋ ಅಲಂಕಾರ, ಇಲ್ಲವೇ ಗಂಡಸೇ ಕೀರಲು ದನಿಯಲ್ಲಿ ಮಾಡಿದ ಮುದುಕಿ. ಪೈಥಾನ್ ಸ್ಕೆಚ್ಚುಗಳಲ್ಲಿದ್ದ ಕ್ಯಾರಲ್ ಕ್ಲೀವ್‌ಲ್ಯಾಂಡ್ ಅಂಥ ಸಮರ್ಥ ನಟಿಗೆ ಸಿಕ್ಕಿದ್ದು ತೀರಾ ಕಡಿಮೆ. ಈ ಅನ್ಯಾಯವನ್ನು ನಾನು ಕಾಲದ ಮೇಲೆ ಹಾಕಿ ಸುಮ್ಮನಾಗುವುದಿಲ್ಲ. ಬದಲಾವಣೆ ಬಂದದ್ದು 1980ರ ದಶಕದಲ್ಲಿ, ವಿಕ್ಟೋರಿಯಾ ವುಡ್ ಬರೆಯತೊಡಗಿದಾಗ. ಅವರ ಕಾರ್ಯಕ್ರಮದ 'ಟೂ ಸೂಪ್ಸ್' ಸ್ಕೆಚ್ಚಿನಲ್ಲಿ ಮತ್ತೆ ಅದೇ ಕೌಂಟರು, ಈ ಸಲ ಹೋಟೆಲಿನ ಟೇಬಲ್ಲಿನ ರೂಪದಲ್ಲಿ. ಅವಸರದಲ್ಲಿರುವ ಇಬ್ಬರು ಗಿರಾಕಿಗಳು, ನಡುಗುವ ಕಾಲಿನ, ಕೇಳಿದ್ದು ಅಲ್ಲೇ ಮರೆಯುವ ಮುದಿ ವೇಟ್ರೆಸ್. ಆ ಪಾತ್ರ ಮಾಡಿದಾಗ ಜೂಲಿ ವಾಲ್ಟರ್ಸ್‌ಗೆ ಇನ್ನೂ ಮೂವತ್ತರ ಹರೆಯ. ಅಡುಗೆಮನೆ ಬಾಗಿಲಿಂದ ಟೇಬಲ್ಲಿನವರೆಗೆ ಅವರು ನಡೆಯುವ ಆ ನಡಿಗೆಯನ್ನು ನೋಡಿ. ಪೈಥಾನ್‌ನ ಅಂಗಡಿಯವನು ಕೊಡಬಾರದು ಎಂದು ಕೊಡುವುದಿಲ್ಲ. ಈಕೆ ಪ್ರಾಣ ಒತ್ತೆಯಿಟ್ಟು ಕೊಡಲು ನೋಡುತ್ತಾಳೆ, ಆಗುವುದಿಲ್ಲ. ನನಗೆ ಈ ಇಡೀ ಪರಂಪರೆಯಲ್ಲಿ ತೀರಾ ಹೃದಯಕ್ಕೆ ಹತ್ತಿರವಾದದ್ದು ಇದು.

ಹೋಟೆಲಿನ ಟೇಬಲ್ಲನ್ನು ತಿರುಗುಮುರುಗು ಮಾಡಿದವರು ಗುಡ್‌ನೆಸ್ ಗ್ರೇಷಿಯಸ್ ಮೀ ತಂಡದವರು: ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್, ನೀನಾ ವಾಡಿಯಾ, ಕುಲ್ವಿಂದರ್ ಘೀರ್. ರೇಡಿಯೋದಲ್ಲಿ 1996ರಲ್ಲಿ, ಟಿವಿಯಲ್ಲಿ 1998ರಲ್ಲಿ ಬಂದರು. ಕುಡಿದು ಇಂಡಿಯನ್ ಹೋಟೆಲಿಗೆ ನುಗ್ಗಿ ವೇಟರನ್ನು ಗೋಳುಹೊಯ್ದುಕೊಳ್ಳುವುದು ಬ್ರಿಟನ್ನಿನ ಶುಕ್ರವಾರ ರಾತ್ರಿಯ ಪದ್ಧತಿಯಾಗಿತ್ತು. ಇವರ ಸ್ಕೆಚ್ಚಿನಲ್ಲಿ ಕುಡಿದ ಭಾರತೀಯರ ಗುಂಪು ಇಂಗ್ಲಿಷ್ ಹೋಟೆಲಿಗೆ ಹೋಗುತ್ತದೆ. ನಿಮ್ಮಲ್ಲಿ ಎಲ್ಲಕ್ಕಿಂತ ಸಪ್ಪೆಯಾದದ್ದು ಏನಿದೆ ಎಂದು ಕೇಳುತ್ತದೆ. ಕೊನೆಗೆ 24 ಪ್ಲೇಟು ಚಿಪ್ಸ್ ಹೇಳುತ್ತದೆ. ಬಿಳಿಯ ವೇಟರ್ ಮರ್ಯಾದೆ ಬಿಡದೆ ನಿಂತೇ ಇರುತ್ತಾನೆ. ಆ ವೇಟರ್ ನಿಂತ ಜಾಗದಲ್ಲಿ ವರ್ಷಗಟ್ಟಲೆ ಯಾರು ನಿಂತಿದ್ದರು ಎಂಬುದು ನೋಡುವ ಪ್ರತಿಯೊಬ್ಬನಿಗೂ ಗೊತ್ತಿತ್ತು.

(ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು. ಉತ್ತರಗಳನ್ನೂ ಇಲ್ಲಿ ಸೇರಿಸಿದ್ದೇನೆ.)

ಹಳೆಯದೆಲ್ಲ ಉಳಿದಿದೆಯೇ ಎಂದು ಒಬ್ಬ ಹಿರಿಯರು ಕೇಳಿದರು. ಇಲ್ಲ ಸರ್, ಅದೇ ದುಃಖ. ವಿಡಿಯೋ ಟೇಪು ದುಬಾರಿ, ಅಳಿಸಿ ಮತ್ತೆ ಬಳಸುತ್ತಿದ್ದರು. ಪೀಟರ್ ಕುಕ್ ಮತ್ತು ಡಡ್ಲಿ ಮೂರ್ ಜೋಡಿಯ ನಾಟ್ ಓನ್ಲಿ ಬಟ್ ಆಲ್ಸೋ ಹಾಗೆ ಬಹುಪಾಲು ಹೋಯಿತು. ದುಡ್ಡು ಕೊಡುತ್ತೇನೆ, ಅಳಿಸಬೇಡಿ ಎಂದು ಕುಕ್ ಕೇಳಿಕೊಂಡರೂ ಕೇಳಲಿಲ್ಲ. ಒಂಟಿಕಾಲಿನವನು ಟಾರ್ಜನ್ ಪಾತ್ರ ಕೇಳಿಕೊಂಡು ಏಜೆಂಟನ ಮುಂದೆ ಕುಪ್ಪಳಿಸುವ ಅವರ ಸ್ಕೆಚ್ ಬೇರೆ ಬೇರೆ ರೂಪದಲ್ಲಿ ಉಳಿದಿರುವುದು ನಮ್ಮ ಪುಣ್ಯ. ಕ್ಲೀಸ್, ಚಾಪ್‌ಮನ್ ಇದ್ದ 1967ರ ಅಟ್ ಲಾಸ್ಟ್ ದ 1948 ಶೋ ಎಂಬ ಕಾರ್ಯಕ್ರಮ ಕೂಡ ಅಳಿಸಿಹೋಗಿತ್ತು. ಸ್ವೀಡನ್ನಿಗೆ ಮಾರಿದ್ದ ಪ್ರತಿಗಳು ಸಿಕ್ಕವು, ಫ್ರಾಸ್ಟ್ ರಿಪೋರ್ಟಿನ ಡೇವಿಡ್ ಫ್ರಾಸ್ಟ್ ಸಂಗ್ರಹದಲ್ಲಿ ಎರಡು ಕಂತು 2014ರಲ್ಲಿ ಹೊರಬಂದವು. ಚಿತ್ರ ಸಿಗದ ಕಡೆ ಕೆಲವಕ್ಕೆ, ಅಭಿಮಾನಿಗಳು ಆ ಕಾಲದಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಧ್ವನಿಯೇ ಆಸರೆಯಾಯಿತು. ಸಂಸ್ಥೆಗಳು ಬೇಡವೆಂದು ಬಿಸಾಡಿದ್ದನ್ನು ನೋಡುಗರು ಕಾಪಾಡಿದರು.

ಮನೆಯಲ್ಲಿ ಹೈಸ್ಕೂಲು ಮಕ್ಕಳಿದ್ದಾರೆ, ಯಾವುದರಿಂದ ಶುರು ಮಾಡಲಿ ಎಂದು ಒಬ್ಬ ತಾಯಿ ಕೇಳಿದರು. ಪೈಥಾನ್ ಬೇಡಮ್ಮ, ಮೊದಲಿಗೆ ಬೇಡ. ಹಾರ್ಡ್‌ವೇರ್ ಅಂಗಡಿ ಹಾಕಿ, ಆಮೇಲೆ ಪ್ರೆವಿನ್, ಆಮೇಲೆ ಟೂ ಸೂಪ್ಸ್. ಒಂದು ಸಂಜೆಗೆ ಎರಡಕ್ಕಿಂತ ಹೆಚ್ಚು ತೋರಿಸಬೇಡಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಉಚ್ಚಾರ ನಮಗೂ ಕಷ್ಟವೇ. ಮಕ್ಕಳು ಇನ್ನೊಂದು ಸಲ ಹಾಕು ಅಂದರೆ, ಆ ಎರಡನೇ ಸಲ ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವರನ್ನೇ ನೋಡಲು ಹೇಳಿ. ಹಾರ್ಡ್‌ವೇರ್ ಅಂಗಡಿಯಲ್ಲಾದರೆ ಕಾರ್ಬೆಟ್ ಕೈ ನೋಡಲಿ, ಡಬ್ಬವನ್ನು ಕೌಂಟರಿನ ಮೇಲೆ ಇಡುವ ರೀತಿ ಮೊದಲನೆಯದರಿಂದ ಕೊನೆಯದಕ್ಕೆ ಹೇಗೆ ಬದಲಾಗುತ್ತದೆ ಅಂತ. ಚೀಸ್ ಅಂಗಡಿ ಮುಂದಿನ ತಿಂಗಳಿಗೆ ಇಟ್ಟುಕೊಳ್ಳಿ.